ಹೆತ್ತವಳಿಗೆ ಹನ್ನೆರಡು ವಾರ

ಠಾಣೆಯಲ್ಲಿ ಅವಳನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಎತ್ತರವಾಗಿದ್ದಳೆಂದಲ್ಲ, ಎತ್ತರದಲ್ಲಿ ಅವಳು ನಾಲ್ಕು ಜನರಂತೆಯೇ. ಬೆಂಕಿ ಆರಿಸುವ ಗಾಡಿ ನಿಂತು, ಏಣಿ ಚಾಚಿ, ಅದರ ತುದಿ ಗೋಡೆಗೆ ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ಅವಳ ಬೂಟು ಮೂರನೇ ಮೆಟ್ಟಿಲ ಮೇಲಿರುತ್ತಿತ್ತು. ಏಳು ವರ್ಷದಿಂದ ಏಣಿಯ ಮೇಲಿನ ಮೊದಲ ಜಾಗ ಅವಳದು. ಅದನ್ನು ಯಾರೂ ಅವಳ ಮಡಿಲಿಗೆ ತಂದು ಹಾಕಿರಲಿಲ್ಲ. ಮೈ ಹುರಿಗೊಳಿಸಿ, ಬೆವರು ಬಸಿದು, ಹನ್ನೊಂದು ಗಂಡಸರ ಕಣ್ಣೆದುರು ಓಡಿ, ಹತ್ತಿ, ಎಳೆದು ಗಳಿಸಿಕೊಂಡದ್ದು.

ಆದ್ದರಿಂದ ಮೂರು ತಿಂಗಳ ಬಸುರಿ ಎಂದು ಹೇಳಲು ಠಾಣಾಧಿಕಾರಿಯ ಕೋಣೆಗೆ ಹೋದ ಬೆಳಿಗ್ಗೆ ಅವಳು ನಾಚಲೂ ಇಲ್ಲ, ಅಳುಕಲೂ ಇಲ್ಲ.

"ಸಾರ್, ನಾನು ಬಸುರಿ. ಇನ್ನು ಹೊಗೆಗೆ, ಬೆಂಕಿಗೆ ಹೋಗಬಾರ್ದಂತೆ. ಡಾಕ್ಟರು ಚೀಟಿ ಕೊಟ್ಟಿದ್ದಾರೆ."

ಎಲ್ಲರೂ ಸಾಹೇಬರು ಎನ್ನುತ್ತಿದ್ದ ಆ ಅಧಿಕಾರಿ ಮೊದಲು ಮೀಸೆಯೊಳಗೇ ನಕ್ಕರು. ಆಮೇಲೆ ಏನೋ ನೆನಪಾಗಿ ಗಾಬರಿಯಾಗಿ, ಬೀರುವಿನಿಂದ ನಿಯಮದ ಪುಸ್ತಕ ಇಳಿಸಿ, ಧೂಳು ಊದಿ, ಪುಟ ತಿರುವತೊಡಗಿದರು.

"ಇಲ್ಲಿ ಇದಿಲ್ವಲ್ಲಮ್ಮ. ಮಹಡಿಯಿಂದ ಬಿದ್ದವರದ್ದಿದೆ, ಕೈ ಸುಟ್ಟುಕೊಂಡವರದ್ದಿದೆ, ನಾಯಿ ಕೈಲಿ ಕಚ್ಚಿಸಿಕೊಂಡವರದ್ದೂ ಇದೆ. ಹೆತ್ತವರದ್ದು ಇಲ್ಲ."

"ನನಗಿಂತ ಮುಂಚೆ ಇಲ್ಲಿ ಯಾರೂ ಹೆತ್ತಿಲ್ವಲ್ಲ ಸಾರ್."

"ಅದೂ ಸರಿಯೇ." ಅವರು ಒಂದು ಪುಟದ ಮೇಲೆ ಬೆರಳಿಟ್ಟರು. ಅಚ್ಚಾದ ಸಾಲಿನ ಪಕ್ಕದಲ್ಲಿ ಯಾರೋ ಹಿಂದಿನ ಅಧಿಕಾರಿ ಕೆಂಪು ಶಾಯಿಯಲ್ಲಿ 'ಹನ್ನೆರಡು ವಾರ' ಎಂದು ಬರೆದಿದ್ದರು. "ಇದು ಕಾಲು ಮುರಿದುಕೊಂಡವನಿಗೆ ಬರೆದದ್ದು. ಅವನ ಜಾಗ ಹನ್ನೆರಡು ವಾರ ಹಾಗೇ ಇಟ್ಟಿದ್ರು. ಅಷ್ಟರಲ್ಲಿ ಪರೀಕ್ಷೆ ಪಾಸಾದ, ಜಾಗ ಸಿಕ್ತು. ನಿನಗೂ ಹೆರಿಗೆ ಆದ ದಿನದಿಂದ ಹನ್ನೆರಡು ವಾರ ಇಡೋಣ್ವಾ? ರಜೆ ಎಷ್ಟು ಬೇಕಾದ್ರೂ ತಗೋ, ಅದು ಬೇರೆ ಮಾತು. ಆದ್ರೆ ಏಣಿ ಜಾಗ ಅದಕ್ಕಿಂತ ಹೆಚ್ಚು ಖಾಲಿ ಬಿಡೋಕಾಗಲ್ಲ. ಪಾಸಾಗದಿದ್ರೆ..."

"ಪಾಸಾಗದಿದ್ರೆ ಕಂಟ್ರೋಲ್ ರೂಮಲ್ಲಿ ಫೋನು. ನನಗೆ ಗೊತ್ತು ಸಾರ್. ಹನ್ನೆರಡು ವಾರ ಧಾರಾಳ ಸಾಕು."

ಹೊರಗೆ ಗಾಡಿಯ ಗಾಜು ಒರೆಸುತ್ತಿದ್ದ ಚಾಲಕನಿಗೆ ಎಲ್ಲವೂ ಕೇಳಿಸಿತ್ತು. ಅವನಿಗೆ ಸೈರನ್ ಎಂದು ಹೆಸರು. ಗಾಡಿಯ ಕೂಗಿಗಿಂತ ಮೊದಲು ಅವನ ಗಂಟಲು ಬೀದಿಗೆ ಮುಟ್ಟುತ್ತಿತ್ತು. ವಯಸ್ಸಿನಲ್ಲಿ ಹಿರಿಯ, ಒಂದು ಕಾಲಕ್ಕೆ ಏಣಿಯ ಮೇಲೆ ಮೊದಲಿಗನಾಗಿದ್ದವನು.

"ಏನಮ್ಮ ಏಣಿ, ಧಾರಾಳ ಅಂದೆಯಂತೆ?"

"ಹೂಂ ಅಣ್ಣ. ನಿಮ್ಮ ಕಿವಿಗೂ ರಜೆ ಕೊಡಿ ಸ್ವಲ್ಪ."

"ಕಿವಿ ಬಿಡು. ಮಾವ ನಿನ್ನ ಬಿಡ್ತಾನಾ ನೋಡು." ಅವನು ಅಂಗಳದ ಮೂಲೆಯತ್ತ ಗಲ್ಲ ಎತ್ತಿದ.

ಅಲ್ಲಿ ಗೋಡೆಗೆ ಒರಗಿ ಕೂತಿತ್ತು ಎಪ್ಪತ್ತು ಕಿಲೋ ತೂಕದ ಕ್ಯಾನ್ವಾಸು ಗೊಂಬೆ. ಹೊಗೆಯಲ್ಲಿ ಮೂರ್ಛೆ ಹೋದ ಮನುಷ್ಯನನ್ನು ಹೊರಗೆಳೆಯುವ ಅಭ್ಯಾಸಕ್ಕೆ ಇಟ್ಟದ್ದು. ಎಷ್ಟು ಎಳೆದರೂ ಎದ್ದು ನಿಲ್ಲುವುದಿಲ್ಲ, ಏನು ಮಾಡಿದರೂ ಒಂದು ಒಳ್ಳೆಯ ಮಾತು ಆಡುವುದಿಲ್ಲ ಎಂದು ಠಾಣೆಯವರು ಅದಕ್ಕೆ ಮಾವ ಎಂದು ಹೆಸರಿಟ್ಟಿದ್ದರು. ಪರೀಕ್ಷೆಯಲ್ಲಿ ಮೂರು ಕೆಲಸ: ಏಣಿ ಹತ್ತಿ ಮೂರನೇ ಮಹಡಿ ಮುಟ್ಟಿ ಇಳಿಯುವುದು, ನೀರು ತುಂಬಿದ ಹೋಸ್ ಪೈಪನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಎಳೆಯುವುದು, ಕೊನೆಗೆ ಮಾವನನ್ನು ಕಂಕುಳಿಗೆ ಕೈಕೊಟ್ಟು ಮೂವತ್ತು ಹೆಜ್ಜೆ ಹಿಂದಕ್ಕೆ ಎಳೆದೊಯ್ಯುವುದು. ಎಲ್ಲ ಸೇರಿ ಆರು ನಿಮಿಷ. ಅವಳು ಐದಕ್ಕಿಂತ ಎರಡು ಸೆಕೆಂಡು ಕಡಿಮೆಯಲ್ಲಿ ಮುಗಿಸಿದ ದಾಖಲೆ ಗೋಡೆಯ ಮೇಲಿತ್ತು.

ಅಂದಿನಿಂದ ಅವಳ ಕೆಲಸ ಫೋನಿನ ಮುಂದೆ. ಕೂತು ಕೂತು ಸೊಂಟ ಹಿಡಿದರೂ ಮನಸ್ಸು ಕೂರಲಿಲ್ಲ. ಮನೆಗೆ ಬಂದವಳೇ ನೀರಿನ ಕ್ಯಾನುಗಳನ್ನು ಎರಡು ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತಿ ಇಳಿಯುವುದು, ನೆಲದಲ್ಲಿ ಅಂಗಾತ ಮಲಗಿ ಕಾಲೆತ್ತುವುದು, ಹೀಗೆ ತನಗೆ ತೋಚಿದ ಕಸರತ್ತು ಶುರುಮಾಡಿದಳು. ಅವಳ ಅತ್ತೆ ಬಾಗಿಲಲ್ಲಿ ನಿಂತು ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೆಯ ದಿನ ಹತ್ತಿರ ಬಂದರು.

"ಅಲ್ಲಮ್ಮ, ಕ್ಯಾನು ಎತ್ತುವಾಗ ನೀನು ಉಸಿರು ಎಲ್ಲಿಗೆ ಕಳಿಸ್ತೀಯ?"

"ಎಲ್ಲಿಗೂ ಇಲ್ಲ ಅತ್ತೆ. ಹಿಡಿದುಕೊಳ್ತೀನಿ."

"ಅದೇ ಅಂದುಕೊಂಡೆ. ಮುಖ ಕೆಂಡ ಆಗುತ್ತೆ, ಕುತ್ತಿಗೆ ನರ ಹಗ್ಗ ಆಗುತ್ತೆ. ದೇವರು ಉಸಿರು ಕೊಟ್ಟಿದ್ದು ಬಿಡೋದಕ್ಕೂ ಸೇರಿಸಿ, ಇಟ್ಟುಕೊಳ್ಳೋದಕ್ಕೆ ಮಾತ್ರ ಅಲ್ಲ."

ಅವಳಿಗೆ ನಗು ಬಂತು. ಹೊಗೆಗೆ ನುಗ್ಗುವಾಗ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಗಾಳಿ ಇರುವುದು ಎಣಿಕೆಯಷ್ಟೇ. ಅದನ್ನು ಪೋಲು ಮಾಡದ ಹಾಗೆ ಉಸಿರನ್ನು ಬಿಗಿಹಿಡಿದು ಎತ್ತುವುದು, ಎಳೆಯುವುದು ಠಾಣೆಯವರಿಗೆಲ್ಲ ಮೈಗಂಟಿದ ಚಾಳಿ. ಯಾರೂ ಹಾಗೆ ಮಾಡಿ ಎಂದು ಕಲಿಸಿರಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು. ಅತ್ತೆಗೆ ಹೇಗೆ ಗೊತ್ತಾಯಿತು? ಅವರಿಗೆ ಅಕ್ಷರ ಅಷ್ಟಕ್ಕಷ್ಟೆ, ಆದರೆ ಸಾವಿರ ಪದ್ಯ ನಾಲಗೆಯ ಮೇಲೆ. ತಂದೆ ಬೆಳಗಿನ ಹೊತ್ತು ಹಾಡಿ ಓದುತ್ತಿದ್ದುದನ್ನು ಕೇಳಿ ಕೇಳಿಯೇ ಬೆಳೆದವರು. ಯಾವ ಸಾಲಿಗೆ ಎಷ್ಟು ಉಸಿರು ಬೇಕು ಎನ್ನುವುದು ಅವರಿಗೆ ಅಂಗೈ ಗೆರೆ.

ಮರುದಿನವೇ ಅತ್ತೆ ಅವಳನ್ನು ಹೆರಿಗೆ ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೊರಡಿಸಿದರು. ನೀಲಿ ಚಾಪೆಗಳು, ಗೋಡೆಗೆ ಒಂದು ಕನ್ನಡಿ, ದೊಡ್ಡ ರಬ್ಬರು ಚೆಂಡು. ಅಲ್ಲಿನ ಫಿಸಿಯೋ ಸಣ್ಣಗಿನ ಹೆಂಗಸು, ಮಾತು ಮಾತ್ರ ಚಾಟಿ. ಎಲ್ಲರೂ ಅವಳನ್ನು ಡಾಕ್ಟರಮ್ಮ ಎನ್ನುತ್ತಿದ್ದರು.

"ವ್ಯಾಯಾಮ ಬಿಡಬೇಕಾ?" ಎಂದು ಇವಳು ಹುಬ್ಬು ಗಂಟಿಕ್ಕಿ ಕೇಳಿದಳು.

"ಯಾರು ಹೇಳಿದ್ದು ಬಿಡಬೇಕು ಅಂತ? ನಿನಗೆ ಬಿಪಿ ಸರಿ ಇದೆ, ಮಗು ಸರಿ ಇದೆ, ನಿನ್ನ ಡಾಕ್ಟರೂ ಒಪ್ಪಿದ್ದಾರೆ. ದಿನಾ ಅರ್ಧ ಗಂಟೆ ಚುರುಕಾಗಿ ನಡಿ. ಗೋಡೆಗೆ ಕೈಕೊಟ್ಟು ದಂಡ ಹೊಡಿ. ಕುರ್ಚಿ ಹಿಡಿದು ಕೂತು ಏಳು. ಬೀಳೋ ಆಟ ಬೇಡ, ಹೊಟ್ಟೆಗೆ ಪೆಟ್ಟು ಬೀಳೋದು ಬೇಡ, ಸುಡುಬಿಸಿಲು ಬೇಡ. ಹೊಟ್ಟೆ ದೊಡ್ಡದಾದ ಮೇಲೆ ಅಂಗಾತ ಮಲಗಿ ಮಾಡೋದೂ ಬೇಡ, ಮಗ್ಗುಲಾಗಿ ಮಾಡು. ಉಸಿರು ಕಟ್ಟಿ ಭಾರ ಎತ್ತೋದಂತೂ ಖಂಡಿತ ಬೇಡ."

ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿ ತುಟಿ ಬಿಗಿಹಿಡಿದು ನಕ್ಕರು.

"ಎಷ್ಟು ಚುರುಕು ಅಂತ ಹೇಗೆ ಗೊತ್ತಾಗುತ್ತೆ?"

"ನಡೀತಾ ಮಾತಾಡೋಕೆ ಬರಬೇಕು. ಮಾತು ತುಂಡಾದ್ರೆ ನಿಧಾನ ಮಾಡು. ರಕ್ತ ಕಂಡ್ರೆ, ನೀರು ಹೋದ್ರೆ, ತಲೆ ಸುತ್ತಿದ್ರೆ, ಎದೆ ನೋವು ಬಂದ್ರೆ, ಮೀನಖಂಡ ಊದಿ ನೋವಾದ್ರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿದ್ರೆ ಅಲ್ಲೇ ನಿಲ್ಲಿಸಿ ನಮಗೆ ಫೋನ್ ಮಾಡು. ನಾಳೆ ನೋಡೋಣ ಅಂತ ಮಲಗಬೇಡ."

ದಾರಿಯಲ್ಲಿ ಅತ್ತೆ ಹೇಳಿದರು: "ಮಾತಾಡ್ತಾ ನಡೆಯೋದು ಅಂದ್ರೆ ನಿನ್ನ ಕೈಲಾಗಲ್ಲ. ನೀನು ಮಾತು ಕಡಿಮೆ. ಪದ್ಯ ಹೇಳು."

"ನನಗೆ ಒಂದೂ ಬರಲ್ವಲ್ಲ ಅತ್ತೆ."

"ಬರಲ್ಲ ಅಂದ್ರೆ ಬಂದೇ ಬರುತ್ತೆ. ಹುಟ್ಟಿದಾಗಲೇ ಏಣಿ ಹತ್ತೋಕೆ ಬಂತಾ ನಿನಗೆ?"

ಹೀಗೆ ಅತ್ತೆ ಸೊಸೆಯರ ನಡಿಗೆ ಶುರುವಾಯಿತು. ಬೆಳಿಗ್ಗೆ ಬಿಸಿಲು ಏರುವ ಮೊದಲು, ಪಾರ್ಕಿನ ಸುತ್ತ. ಆರು ಸಾಲಿನ ಪದ್ಯ; ಅದರಲ್ಲಿ ಮೂರನೆಯದೂ ಆರನೆಯದೂ ಉದ್ದ. ಅತ್ತೆ ಒಂದು ಸಾಲು ಹೇಳುವರು, ಸೊಸೆ ಅದನ್ನೇ ತಿರುಗಿ ಹೇಳುವಳು. ಉದ್ದದ ಸಾಲು ಒಂದೇ ಉಸಿರಿನಲ್ಲಿ ಮುಗಿದರೆ ಹೆಜ್ಜೆ ಸರಿಯಾಗಿದೆ ಎಂದರ್ಥ. ನಡುವೆ ಹರಿದರೆ ನಿಧಾನ. ಏಳನೇ ತಿಂಗಳಲ್ಲಿ ಮೊದಲಿನ ಮೂರು ಸಾಲು ಮುಗಿಸುವಷ್ಟರಲ್ಲೇ ಒಂದು ಬೆಂಚು ಬೇಕಾಗುತ್ತಿತ್ತು. ಎದುರಿಗೆ ಸಿಕ್ಕವರು, ಬಸುರಿ ಹೆಂಗಸು ಗಟ್ಟಿಯಾಗಿ ಹಾಡುತ್ತ ಹೋಗುವುದನ್ನು ಕಂಡು ದಾರಿ ಬಿಟ್ಟು ನಿಲ್ಲುತ್ತಿದ್ದರು.

"ನೋಡಿ ಅತ್ತೆ, ಸೈರನ್ನಿಗೆ ದಾರಿ ಬಿಟ್ಟ ಹಾಗೆ ಬಿಡ್ತಾರೆ."

"ಬಿಡಲಿ. ಕಥೆಯಲ್ಲಿ ನಾಯಕ ಹೊಳೆ ದಾಟ್ತಿದ್ದಾನೆ, ಅವನಿಗೂ ದಾರಿ ಬೇಕು. ಮುಂದಿನ ಸಾಲು ಹೇಳು."

ಅವಳು ಹೆತ್ತದ್ದು ಹೆಣ್ಣುಮಗುವನ್ನು. ಸಹಜ ಹೆರಿಗೆ, ಎರಡು ಹೊಲಿಗೆ. ಮೊದಲ ವಾರ ಮಗುವಿನ ಮುಖ ನೋಡಿಕೊಂಡೇ ಕಳೆದುಹೋಯಿತು. ಎರಡನೇ ವಾರ ಅವಳು ಕನ್ನಡಿ ನೋಡಿದಳು. ಹೊಟ್ಟೆ ಗಾಳಿ ಹೋದ ಟ್ಯೂಬಿನಂತೆ ಜೋತು ಕೂತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಹನ್ನೆರಡನೇ ವಾರಕ್ಕೆ ಅವಳೇ ಹಾಕಿದ ಸುತ್ತು ಅವಳನ್ನೇ ನೋಡುತ್ತಿತ್ತು.

ಡಾಕ್ಟರಮ್ಮ ಮೊದಲ ದಿನಗಳಿಗೆ ಹೇಳಿದ್ದು ಇಷ್ಟೇ: ಮನೆಯೊಳಗೆ ನಡಿಗೆ, ಕೆಳಹೊಟ್ಟೆ ಒಳಗೆ ಸೆಳೆಯುತ್ತ ಉಸಿರು ಬಿಡುವುದು, ಮೂತ್ರ ತಡೆದಂತೆ ಕೆಳಗಿನ ಸ್ನಾಯುವನ್ನು ಮೇಲಕ್ಕೆ ಹಿಡಿದು ಸಡಿಲಿಸುವುದು. ಇದೂ ಒಂದು ವ್ಯಾಯಾಮವೇ ಎಂದು ಇವಳಿಗೆ ಅನ್ನಿಸಲೇ ಇಲ್ಲ. ಬೆವರಿಲ್ಲ, ಏದುಸಿರಿಲ್ಲ, ಹೊರಗಿನವರಿಗೆ ಕಾಣುವುದೂ ಇಲ್ಲ. ಆರನೇ ವಾರದ ತಪಾಸಣೆಯಲ್ಲಿ ಡಾಕ್ಟರಮ್ಮ ಅವಳನ್ನು ಮಲಗಿಸಿ, ತಲೆ ಸ್ವಲ್ಪ ಎತ್ತಲು ಹೇಳಿ, ಹೊಕ್ಕುಳ ಹತ್ತಿರ ಬೆರಳು ಅಡ್ಡವಿಟ್ಟಳು.

"ಮೂರು ಬೆರಳು."

"ಏನು ಮೂರು ಬೆರಳು?"

"ನಿನ್ನ ಹೊಟ್ಟೆಯ ಎರಡು ಸ್ನಾಯು ಬೇರೆ ಬೇರೆ ಸರಿದಿವೆ. ಮಗುವಿಗೆ ಜಾಗ ಕೊಟ್ಟಿದ್ದು. ಮಧ್ಯ ಮೂರು ಬೆರಳಿನಷ್ಟು ಸಂದು. ಬಹಳ ಜನಕ್ಕೆ ಆಗುತ್ತೆ, ಹೆಚ್ಚಿನವರಿಗೆ ಕೂಡಿಕೊಂಡು ಬರುತ್ತೆ. ಅಲ್ಲಿಯವರೆಗೆ ಎದ್ದು ಕೂರೋ ಕಸರತ್ತು ಬೇಡ. ಸೀನಿದ್ರೆ ಒದ್ದೆಯಾಗುತ್ತಾ?"

ಅವಳು ಸೀಲಿಂಗಿನ ಫ್ಯಾನು ನೋಡಿದಳು. "ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು? ನೀನು ಬೆಂಕಿಗೆ ನುಗ್ಗೋಳು, ಇಷ್ಟು ಹೇಳೋಕೆ ಹೆದರ್ತೀಯಲ್ಲ."

"ಜೋರಾಗಿ ನಕ್ಕರೂ ಆಗುತ್ತೆ."

"ಹಾಗಿದ್ರೆ ಕೆಳಗಿನ ಸ್ನಾಯುವಿಗೇ ಮೊದಲ ಕೆಲಸ. ಅದು ಗಟ್ಟಿಯಾಗದೆ ಮೇಲೆ ಭಾರ ಹೇರಬೇಡ. ಅಡಿಪಾಯ ಒದ್ದೆ ಇರುವಾಗ ಮಹಡಿ ಕಟ್ಟೋರುಂಟಾ?"

ಇವಳು ತಲೆಯಾಡಿಸಿ ಬಂದಳು; ಆದರೆ ಆ ಮಾತು ಹೊಟ್ಟೆಗೆ ಇಳಿಯಲಿಲ್ಲ. ಏಳನೇ ವಾರ ಎಲ್ಲರೂ ಹೊರಗೆ ಹೋಗಿದ್ದಾಗ ನೆಲದಲ್ಲಿ ಮಲಗಿ, ಕೈ ತಲೆಯ ಹಿಂದೆ ಕಟ್ಟಿ, ಎದ್ದೆದ್ದು ಕೂತಳು. ಹತ್ತನೆಯ ಸಲಕ್ಕೆ ನೋಡಿಕೊಂಡರೆ ಹೊಟ್ಟೆಯ ನಡುವೆ ಹೆಂಚಿನ ಮನೆಯ ನೆತ್ತಿಯಂತೆ ಒಂದು ದಿಬ್ಬ ಎದ್ದಿತ್ತು. ಉರುಳಿ ಮಗ್ಗುಲಾಗಿ ಎದ್ದು ಕೂತು, ಮಗುವನ್ನು ಎತ್ತಿಕೊಂಡು, ನೇರ ಡಾಕ್ಟರಮ್ಮನ ಹತ್ತಿರ ಹೋಗಿ ಒಪ್ಪಿಸಿದಳು.

ಡಾಕ್ಟರಮ್ಮ ಬೈಯಲಿಲ್ಲ. "ಬಂದೆಯಲ್ಲ, ಅಷ್ಟು ಸಾಕು," ಎಂದು ಮತ್ತೆ ಮೊದಲಿನಿಂದ ಹಿಡಿದಳು. ಈ ಸಲ ಇವಳು ಕದ್ದು ಏನನ್ನೂ ಮಾಡಲಿಲ್ಲ. ಹಾಲುಣಿಸಿ ಮಗು ಮಲಗಿದ ಮೇಲೆ, ಎದೆ ಹಗುರಾಗಿರುವಾಗ, ಚಾಪೆ ಹಾಸುವಳು. ಗೋಡೆಗೆ ಬೆನ್ನುಕೊಟ್ಟು ಕೂರುವಳು, ಏಳುವಾಗ ಉಸಿರು ಬಿಡುವಳು. ತಳ್ಳುಗಾಡಿಯಲ್ಲಿ ಮಗು, ಪಕ್ಕದಲ್ಲಿ ಅತ್ತೆ, ಪಾರ್ಕಿನ ಸುತ್ತ ಮತ್ತೆ ಆರು ಸಾಲು. ಹನ್ನೊಂದನೇ ವಾರಕ್ಕೆ ಸಂದು ಎರಡು ಬೆರಳಿಗೆ ಬಂತು, ಸೀನು ಬಂದರೂ ಒದ್ದೆಯಾಗಲಿಲ್ಲ.

"ಏಣಿ ಹತ್ತಬಹುದು," ಎಂದಳು ಡಾಕ್ಟರಮ್ಮ. "ಹೋಸ್ ಕೂಡ ನೋಡಬಹುದು. ಆದ್ರೆ ಎಪ್ಪತ್ತು ಕಿಲೋ ಗೊಂಬೆ ಈಗ್ಲೇ ಬೇಡ. ಇನ್ನೂ ಮೂರು ತಿಂಗಳು ಬೇಕು ಅಂತ ಬರೆದುಕೊಡ್ತೀನಿ, ತಗೊಂಡು ಹೋಗಿ ಕೊಡು."

"ಆ ಚೀಟಿ ಕೊಟ್ರೆ ಏಣಿ ಜಾಗ ಹೋಯ್ತು. ಹನ್ನೆರಡು ಸಾಕು ಅಂತ ನಾನೇ ಬಾಯಿಬಿಟ್ಟು ಹೇಳಿದೀನಿ."

"ಹೇಳಿದಾಗ ನೀನು ಹೆತ್ತಿರಲಿಲ್ಲ."

"ಈಗ ಹೋಗಿ ಮಾತು ತಿರುಗಿಸಿದ್ರೆ ಹನ್ನೊಂದು ಜನ ನಗ್ತಾರೆ."

ಡಾಕ್ಟರಮ್ಮ ಚೀಟಿ ಬರೆದು ಅವಳ ಅಂಗೈಗೆ ಒತ್ತಿ ಬೆರಳು ಮಡಚಿದಳು. "ನಗಲಿ. ಅಲ್ಲಿ ಕೆಳಗೆ ಭಾರವಾದ ಹಾಗೆ, ಏನೋ ಜಾರಿ ಬರ್ತಿರೋ ಹಾಗೆ ಅನ್ನಿಸಿದ್ರೆ, ಎಷ್ಟೇ ಹೆಜ್ಜೆ ಉಳಿದಿರಲಿ, ಕೈಬಿಡು. ಇಷ್ಟು ನನಗೋಸ್ಕರ."

ಪರೀಕ್ಷೆಯ ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ ತಂಪು ಮಾಡಿದ್ದರು. ಹನ್ನೊಂದು ಜನ ಗಾಡಿಯ ನೆರಳಿನಲ್ಲಿ ಸಾಲಾಗಿ ನಿಂತಿದ್ದರು. ಸಾಹೇಬರ ಕೈಯಲ್ಲಿ ಗಡಿಯಾರ, ಗೇಟಿನ ಹತ್ತಿರ ಬೆಂಚಿನ ಮೇಲೆ ಅತ್ತೆ, ಅತ್ತೆಯ ತೊಡೆಯ ಮೇಲೆ ಮಗು. ಅವಳ ಜೇಬಿನಲ್ಲಿ ಚೀಟಿ ಇತ್ತು. ಕೊಡಲಿಲ್ಲ.

"ಏಣಿ, ರೆಡಿನಾ?"

"ರೆಡಿ ಸಾರ್."

ಹತ್ತಿದಳು. ಆಹಾ, ಆ ಮೆಟ್ಟಿಲುಗಳು! ಅಂಗಾಲಿಗೆ ಅವು ಎಂದೂ ಪರಕೀಯವಾಗಿರಲಿಲ್ಲ. ಒಂದೊಂದು ಮೆಟ್ಟಿಲಿಗೆ ಒಂದೊಂದು ಉಸಿರು ಹೊರಗೆ. ಮೂರನೇ ಮಹಡಿಯ ಕಿಟಕಿಯ ಕಟ್ಟೆಗೆ ಕೈ ಬಡಿದು, ಇಳಿದು, ನೆಲ ಮುಟ್ಟಿದಾಗ ಗಾಡಿಯ ನೆರಳಿನಿಂದ ಒಂದು ಸಿಳ್ಳೆ ಹಾರಿತು. ಹೋಸ್ ಹೆಗಲಿಗೇರಿಸಿದಳು. ನೀರು ತುಂಬಿದ ಪೈಪು ಹಠ ಹಿಡಿದ ಎಮ್ಮೆಯಂತೆ ಹಿಂದಕ್ಕೆ ಜಗ್ಗಿತು. ಅವಳು ಮುಂದಕ್ಕೆ ಬಾಗಿ ಹೆಜ್ಜೆ ಹೆಜ್ಜೆಯಾಗಿ ಅದನ್ನು ಒಲಿಸಿಕೊಂಡು ಗೆರೆ ದಾಟಿಸಿದಳು. ಮೂರು ನಿಮಿಷ ನಲವತ್ತು ಸೆಕೆಂಡು. ಬೇಕಾದಷ್ಟು ಸಮಯವಿತ್ತು.

ಮಾವನ ಕಂಕುಳಿಗೆ ಕೈಕೊಟ್ಟು ಎತ್ತಿದಳು. ಐದು ಹೆಜ್ಜೆ. ಹತ್ತು. ಹದಿಮೂರನೆಯ ಹೆಜ್ಜೆಗೆ ಕೆಳಗೆ ಏನೋ ಭಾರವಾಗಿ ಕುಸಿದು ಬಂದಂತಾಯಿತು. ಹದಿನೈದಕ್ಕೆ ಒಳಬಟ್ಟೆ ಒದ್ದೆಯಾಯಿತು. ಉಸಿರು ತಾನಾಗಿ ಗಂಟಲಲ್ಲಿ ಗಂಟುಹಾಕಿಕೊಂಡಿತ್ತು, ಹಳೆಯ ಚಾಳಿ. ಉಳಿದದ್ದು ಹದಿನೈದು ಹೆಜ್ಜೆ. ಕಚ್ಚಿಹಿಡಿದರೆ ಮುಗಿಯುತ್ತದೆ, ಅವಳ ತೋಳಿಗೆ ಅದು ಗೊತ್ತಿತ್ತು, ಕಾಲಿಗೂ ಗೊತ್ತಿತ್ತು. ಗಾಡಿಯ ನೆರಳಿನವರೂ "ಎಳಿ, ಎಳಿ!" ಎಂದು ಕೂಗುತ್ತಿದ್ದರು.

ಅವಳು ಗೊಂಬೆಯನ್ನು ನಿಧಾನವಾಗಿ ನೆಲಕ್ಕಿಟ್ಟಳು. ಎಸೆಯಲಿಲ್ಲ; ನಿಜವಾದ ಮನುಷ್ಯನನ್ನು ಇಟ್ಟಂತೆ ತಲೆಗೆ ಅಂಗೈ ಕೊಟ್ಟು ಇಟ್ಟಳು. ನೆಟ್ಟಗೆ ನಿಂತು, ಉಸಿರು ಬಿಟ್ಟಳು.

"ನಿಲ್ಲಿಸ್ತಿದೀನಿ ಸಾರ್."

"ಏನಾಯ್ತಮ್ಮ? ಇನ್ನೂ ಒಂದೂವರೆ ನಿಮಿಷ ಇದೆ! ಹದಿನೈದೇ ಹೆಜ್ಜೆ!"

"ಹೆಜ್ಜೆ ಕಾಲಿಗೆ ಕಷ್ಟ ಇಲ್ಲ ಸಾರ್. ಹೆತ್ತ ಜಾಗ ಇನ್ನೂ ಗಟ್ಟಿಯಾಗಿಲ್ಲ. ಭಾರ ಎತ್ತಿದ್ರೆ ಕೆಳಗೆ ಜಾರಿದ ಹಾಗಾಗುತ್ತೆ, ಮೂತ್ರ ಹೋಗುತ್ತೆ. ಈಗ ಹೋಯ್ತು." ದನಿ ಅವಳಿಗೇ ಆಶ್ಚರ್ಯವಾಗುವಷ್ಟು ನಿಚ್ಚಳವಾಗಿತ್ತು. ಹೊಗೆಯೊಳಗಿಂದ ವೈರ್‌ಲೆಸ್ಸಿನಲ್ಲಿ ಇದ್ದದ್ದನ್ನು ಇದ್ದಂತೆ ವರದಿ ಮಾಡುವ ದನಿ ಅದು. "ಇವತ್ತು ಎಳೆದ್ರೆ ಪಾಸಾಗ್ತೀನಿ. ಆದ್ರೆ ಆಮೇಲೆ ಎಷ್ಟು ವರ್ಷ ಏಣಿ ಹತ್ತುತ್ತೀನೋ ಗೊತ್ತಿಲ್ಲ. ನನಗೆ ಇನ್ನೂ ಇಪ್ಪತ್ತು ವರ್ಷ ಹತ್ತಬೇಕು. ಇನ್ನು ಮೂರು ತಿಂಗಳು ಕೊಡಿ. ಹನ್ನೆರಡು ವಾರ ಸಾಕು ಅಂದಿದ್ದು ನನ್ನ ತಪ್ಪು. ಅದನ್ನ ಕಾಲು ಮುರಿದವನಿಗೆ ಬರೆದದ್ದು, ನನ್ನ ಕಾಲು ಮುರಿದಿಲ್ಲ."

ಜೇಬಿನಿಂದ ಚೀಟಿ ತೆಗೆದು ಕೊಟ್ಟಳು. ಗಾಡಿಯ ನೆರಳಿನಲ್ಲಿ ಒಬ್ಬ ಬೂಟಿನ ತುದಿ ನೋಡಿದ, ಇನ್ನೊಬ್ಬ ಹೋಸಿನ ಬಾಯಿ ತಿರುಗಿಸಿದ. ಸಾಹೇಬರು ಚೀಟಿ ಓದಿ, ಗಡಿಯಾರ ನೋಡಿ, ಅದರಲ್ಲೇ ಉತ್ತರ ಇದ್ದಂತೆ ಮತ್ತೆ ನೋಡಿದರು.

"ಜಾಗ ಹನ್ನೆರಡು ವಾರಕ್ಕೇ ಅಂತ..." ಎಂದು ಶುರುಮಾಡಿದರು.

"ಸಾರ್, ಒಂದು ಮಾತು." ಸೈರನ್ ಮುಂದೆ ಬಂದ. ಆ ದಿನ ಅವನ ಗಂಟಲು ಗೇಟಿನವರೆಗೂ ಹೋಗಲಿಲ್ಲ. "ಒಂಬತ್ತು ವರ್ಷದ ಹಿಂದೆ ನನಗೆ ಹರ್ನಿಯಾ ಆಪರೇಷನ್ ಆಗಿತ್ತು, ನೆನಪಿದೆಯಾ? ಹನ್ನೆರಡು ವಾರಕ್ಕೆ ವಾಪಸ್ ಬಂದೆ. ಇದೇ ಮಾವನ್ನ ಎಳೆದೆ. ಪಾಸಾದೆ. ನೀವೇ ಬೆನ್ನು ತಟ್ಟಿದ್ರಿ."

"ಹೌದು. ಅದಕ್ಕೇನು?"

"ಅದೇ ವಾರ ಮತ್ತೆ ಹರೀತು. ಹೇಳೋಕೆ ಮಾನ ಬಿಡಲಿಲ್ಲ. ಎರಡು ತಿಂಗಳು ಬೆಲ್ಟು ಕಟ್ಟಿಕೊಂಡು ಏಣಿ ಹತ್ತಿದೆ. ಆಮೇಲೆ ಆಗ್ಲಿಲ್ಲ. ಗಾಡಿ ಓಡಿಸೋದು ಇಷ್ಟ ಅಂತ ಬರೆದುಕೊಟ್ಟೆ." ಅವನು ಅಂಗಿ ಸರಿಸಿ ಸೊಂಟದ ಪಟ್ಟಿ ತೋರಿಸಿದ. "ಇದು ಇವತ್ತಿಗೂ ಇದೆ. ಇಷ್ಟಪಟ್ಟು ಸ್ಟೀರಿಂಗ್ ಹಿಡಿದೋನಲ್ಲ ನಾನು. ಅವಳು ಹದಿನೈದು ಹೆಜ್ಜೆ ಬಿಟ್ಟಳು ಅಂತ ನೋಡಬೇಡಿ ಸಾರ್. ನಾನು ಬಿಡದೇ ಇದ್ದದ್ದಕ್ಕೆ ಎಲ್ಲಾ ಹೋಯ್ತು."

ಯಾರೋ ಒಬ್ಬರು "ನನ್ನ ಮಂಡಿ ಕೂಡ..." ಎಂದು ಗೊಣಗಿದರು.

ಸಾಹೇಬರು ಒಳಗೆ ಹೋಗಿ ನಿಯಮದ ಪುಸ್ತಕ ಹಿಡಿದು ಬಂದರು. ಗಾಡಿಯ ಬಾನೆಟ್ಟಿನ ಮೇಲೆ ಅದನ್ನು ಬಿಡಿಸಿ, ಅಚ್ಚಿನ ಸಾಲನ್ನು ಗಟ್ಟಿಯಾಗಿ ಓದಿದರು: ವೈದ್ಯರು ಒಪ್ಪುವವರೆಗೆ. ಕೆಂಪು ಶಾಯಿಯ ಎರಡು ಪದದ ಮೇಲೆ ಅಡ್ಡಗೆರೆ ಎಳೆದರು. "ಇದು ಪುಸ್ತಕದ ಮಾತಲ್ಲ, ಯಾರೋ ನಮ್ಮಂಥವರು ಬರೆದದ್ದು. ಇಷ್ಟು ವರ್ಷ ನಾನೂ ನೋಡದೆ ಕುಳಿತಿದ್ದೆ. ಜಾಗ ಇರುತ್ತೆ. ಅಲ್ಲಿಯವರೆಗೆ ಉಳಿದವರು ಸರದಿ ಮೇಲೆ ಹತ್ತುತ್ತಾರೆ. ಆದ್ರೆ ಪರೀಕ್ಷೆ ಅದೇ, ಆರು ನಿಮಿಷವೂ ಅದೇ. ಅದನ್ನ ಕಡಿಮೆ ಮಾಡಲ್ಲ."

"ಕಡಿಮೆ ಮಾಡಿ ಅಂತ ಯಾರು ಕೇಳಿದ್ರು ಸಾರ್?"

ಆಗ ನಕ್ಕರು ಹನ್ನೊಂದು ಜನ. ಆ ನಗುವಿನಲ್ಲಿ ಮುಳ್ಳಿರಲಿಲ್ಲ.

ಮುಂದಿನ ಮೂರು ತಿಂಗಳು ಅವಳು ಕಲಿತದ್ದು ಅವಸರವಿಲ್ಲದ ದುಡಿಮೆಯನ್ನು. ಅವಳ ಗಂಡ ದರ್ಜಿ. ಅಂಗಡಿಯಲ್ಲಿ ಉಳಿದ ದಪ್ಪ ಬಟ್ಟೆಯಿಂದ ಜೇಬುಗಳಿರುವ ಒಂದು ಉದ್ದನೆಯ ಚೀಲ ಹೊಲಿದುಕೊಟ್ಟ. ಒಂದೊಂದು ಜೇಬಿಗೆ ಐದು ಕಿಲೋ ಮರಳು. ವಾರಕ್ಕೆ ಒಂದೋ ಎರಡೋ ಜೇಬು ತುಂಬುವುದು, ಡಾಕ್ಟರಮ್ಮ ಒಪ್ಪಿದರೆ ಮಾತ್ರ.

"ನಿನ್ನ ಸೀರೆಗೂ ಇಷ್ಟು ಅಳತೆ ಕೇಳಿಲ್ಲ ನೀನು," ಎಂದ ಗಂಡ, ಹೊಲಿಗೆ ಎಳೆದು ನೋಡುತ್ತ.

"ಸೀರೆ ಉಟ್ಟು ಯಾರನ್ನೂ ಎಳೀಬೇಕಾಗಿಲ್ಲವಲ್ಲ. ಎರಡು ಸಲ ಹೊಲಿಯಿರಿ, ಹರೀಬಾರ್ದು."

"ಹರಿದ್ರೆ ಮರಳು ನಿಮ್ಮಮ್ಮ ಗುಡಿಸ್ತಾರಾ?"

"ನಿಮ್ಮಮ್ಮ ಪದ್ಯ ಹೇಳ್ತಾ ಗುಡಿಸ್ತಾರೆ."

ನಾಲ್ಕನೇ ಜೇಬಿಗೆ ಮತ್ತೆ ಭಾರ ಜಾರಿದಂತೆ ಅನ್ನಿಸಿತು. ಮೂರಕ್ಕೆ ಇಳಿದು ಹತ್ತು ದಿನ ಅಲ್ಲೇ ನಿಂತಳು. ಮೊದಲಾಗಿದ್ದರೆ ಅವಳಿಗೆ ಅದು ಸೋಲು. ಈಗ ಅದು ಹೊಳೆಯ ನಡುವೆ ಕಾಲಿಗೆ ಸಿಕ್ಕ ಕಲ್ಲು. ಅದರ ಮೇಲೆ ನಿಂತು ಮುಂದಿನ ಕಲ್ಲು ಹುಡುಕುವುದು. ಐದನೇ ತಿಂಗಳ ಕೊನೆಗೆ ಸಂದು ಒಂದು ಬೆರಳಾಯಿತು. ಎಳೆಯುವಾಗ ಉಸಿರು ಅವಳ ಅಪ್ಪಣೆಗೆ ಕಾಯದೆ ಹೊರಗೆ ಹೋಗಲು ಕಲಿತಿತ್ತು. ಆರನೇ ತಿಂಗಳ ಕೊನೆಯ ವಾರ ಡಾಕ್ಟರಮ್ಮ ಅವಳಿಂದ ಹದಿನಾಲ್ಕು ಜೇಬಿನ ಚೀಲ ಎಳೆಸಿ, ಕೆಮ್ಮಿಸಿ, ಹಾರಿಸಿ, ಕೂರಿಸಿ ಏಳಿಸಿ, ಕೊನೆಗೆ ಚೀಟಿಯಲ್ಲಿ ಎರಡೇ ಪದ ಬರೆದಳು: ಎಳೆಯಲು ಯೋಗ್ಯಳು.

ಎರಡನೇ ಪರೀಕ್ಷೆಗೆ ಅಂಗಳ ತಂಪು ಮಾಡಲು ಯಾರಿಗೂ ಹೊಳೆಯಲಿಲ್ಲ, ಧೂಳು ಏಳುತ್ತಿತ್ತು. ಏಣಿ ಹತ್ತಿ ಇಳಿದದ್ದಾಯಿತು. ಹೋಸ್ ಎಳೆದದ್ದಾಯಿತು. ಮಾವ. ಹದಿಮೂರನೇ ಹೆಜ್ಜೆ ಬಂತು, ಹೋಯಿತು. ಹದಿನೈದು ಬಂತು, ಹೋಯಿತು. ಒಳಗೆ ಎಲ್ಲವೂ ತನ್ನ ತನ್ನ ಜಾಗದಲ್ಲಿ ಬಿಗಿಯಾಗಿ, ಒಗ್ಗಟ್ಟಾಗಿ, ಮೇಲಕ್ಕೆ ಹಿಡಿದುಕೊಂಡಿತ್ತು. ಇಪ್ಪತ್ತು. ಸೈರನ್ ಎಣಿಸುತ್ತಿದ್ದ ಸದ್ದು ಎರಡು ಬೀದಿಯಾಚೆಗೂ ಕೇಳಿಸುತ್ತಿರಬೇಕು. ಮೂವತ್ತನೇ ಹೆಜ್ಜೆಗೆ ಗೊಂಬೆಯ ಹಿಮ್ಮಡಿ ಗೆರೆ ದಾಟಿತು.

"ಐದು ನಿಮಿಷ ಮೂವತ್ತೊಂದು!" ಸಾಹೇಬರು ಕೂಗಿದರು. "ಪಾಸು!"

"ಹಳೇದಕ್ಕಿಂತ ಮೂವತ್ಮೂರು ಸೆಕೆಂಡು ಜಾಸ್ತಿ ಆಯ್ತಲ್ಲ ಏಣಿ," ಎಂದ ಸೈರನ್, ಚಪ್ಪಾಳೆಯ ನಡುವೆಯೇ ಕೆಣಕುತ್ತ.

"ಅದು ಹೆರೋಕೆ ಮುಂಚಿನ ಹುಡುಗಿಯ ದಾಖಲೆ ಅಣ್ಣ. ಅವಳದ್ದು ಅವಳಿಗಿರಲಿ. ಇದು ನನ್ನದು."

ಸಾಹೇಬರು ಹಾಜರಿ ಪುಸ್ತಕ ಬಿಡಿಸಿ, ಏಣಿಯ ಮೊದಲ ಜಾಗದ ಎದುರು ಅವಳ ರುಜುವಿಗೆ ಪೆನ್ನು ಚಾಚಿ ನಿಂತರು. ಹನ್ನೊಂದು ಜನವೂ ಸುತ್ತ ನಿಂತರು. ಅಷ್ಟರಲ್ಲಿ ಗೇಟಿನ ಬಳಿಯ ಬೆಂಚಿನಿಂದ ಮಗು ಒಮ್ಮೆ ಮುಲುಗಿತು, ಆಮೇಲೆ ಬಾಯ್ತೆರೆದು ಅತ್ತಿತು. ಅವಳ ಎದೆ ತುಂಬಿ ಬಿಗಿದು, ಸಮವಸ್ತ್ರದ ಮುಂಭಾಗ ಎರಡು ಕಡೆ ಒದ್ದೆಯಾಯಿತು.

"ರುಜು ಮಾಡಿ ಹೋಗಮ್ಮ, ಅರ್ಧ ನಿಮಿಷ," ಎಂದರು ಸಾಹೇಬರು.

"ಪರೀಕ್ಷೆ ಮುಗೀತಲ್ಲ ಸಾರ್, ಇನ್ನು ಗಡಿಯಾರ ಯಾಕೆ?" ಎಂದಳು ಅವಳು. ಹೆಲ್ಮೆಟ್ಟು ಕಳಚಿ ಅವರ ಕೈಗೇ ಕೊಟ್ಟು, ಬೆಂಚಿನತ್ತ ನಡೆದಳು. ಅತ್ತೆ ಸರಿದು ಜಾಗ ಮಾಡಿದರು. ಮಗು ಧೂಳು ಮೆತ್ತಿದ ಕುತ್ತಿಗೆಯನ್ನು ಒಮ್ಮೆ ಮೂಸಿ, ಇದು ತನ್ನವಳೇ ಎಂದು ಖಾತ್ರಿ ಮಾಡಿಕೊಂಡು, ಬಾಯಿ ಹಾಕಿತು. ಸಾಹೇಬರು ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಕಾಯುತ್ತ ನಿಂತರು. ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಯಾವ ಅವಸರವೂ ಇರಲಿಲ್ಲ.